ಹೊಲವೇ ನಿಮ್ಮ ಬಯಾಲಜಿ ಲ್ಯಾಬ್: ಉಗರಗೋಳದ ವಿದ್ಯಾರ್ಥಿಗೆ ಹನ್ನೆರಡು ಸೂತ್ರಗಳು

ಉಗರಗೋಳದ ಹೈಸ್ಕೂಲು ಹುಡುಗನಿರಲಿ, ಸವದತ್ತಿಗೆ ಬಸ್ಸು ಹತ್ತಿ ಪಿಯುಸಿಗೆ ಹೋಗುವ ಹುಡುಗಿಯಿರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಬಯಾಲಜಿ ಅಂದ್ರ ಬಾಯಿಪಾಠ. ನನಗ ನೆನಪ ಉಳಿಯಂಗಿಲ್ಲ." ಈ ಅನುಮಾನ ಬರೀ ರೂಢಿಯಿಂದ ಬಂದದ್ದು. ರೂಢಿ ಬದಲಿಸಿದರೆ ಅದೂ ಹೋಗುತ್ತದೆ.

ಎಲ್ಲಮ್ಮನ ಗುಡ್ಡದ ಮೇಲಿಂದ ಒಮ್ಮೆ ಸುತ್ತ ನೋಡಿ. ಹಿಂಗಾರಿಯಲ್ಲಿ ಎರೆ ಹೊಲದ ತುಂಬ ಬಿಳಿಜೋಳ, ಕಡಲೆ, ಕುಸುಬೆ. ನೀರಿನ ಅನುಕೂಲ ಇದ್ದಲ್ಲಿ ಕಬ್ಬು, ಗೋವಿನಜೋಳ, ಉಳ್ಳಾಗಡ್ಡಿ. ಬೆಂಗಳೂರಿನ ಕೋಚಿಂಗ್ ಸೆಂಟರ್ ಹುಡುಗ ಸ್ಕ್ರೀನ್ ಮೇಲೆ ನೋಡುವ ಬೇರು, ಕಾಂಡ, ಎಲೆ, ಹೂವು ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಜೀವಂತ ನಿಂತಿವೆ. ಈ ಅಡ್ವಾಂಟೇಜ್ ಬಳಸಿಕೊಳ್ಳಿ.

ಎಷ್ಟು ಮಾರ್ಕ್ಸ್ ಮಾತು ಅಂತ ಮೊದಲೇ ತಿಳಿದಿರಲಿ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು, ಅದರಲ್ಲಿ ಸಸ್ಯಶಾಸ್ತ್ರದ ಪಾಲು ದೊಡ್ಡದು. ಸಿಇಟಿಯ ಜೀವಶಾಸ್ತ್ರ ಪೇಪರಿನಲ್ಲಿ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಸ್ಸೆಸ್ಸೆಲ್ಸಿಯ ಜೀವಕ್ರಿಯೆಗಳ ಪಾಠ, ಸಂತಾನೋತ್ಪತ್ತಿಯ ಪಾಠ ಎರಡರಲ್ಲೂ ಗಿಡಗಳಿಗೆ ಜಾಗವಿದೆ. ಗಿಡದ ಭಾಗಗಳು ಮತ್ತು ಅವುಗಳ ಕೆಲಸ, ಈ ಒಂದು ಟಾಪಿಕ್ ಗಟ್ಟಿಯಾದರೆ ಮೂರೂ ಪರೀಕ್ಷೆಗೆ ಬರುತ್ತದೆ. ಇನ್ನು ಕೆಲಸಕ್ಕೆ ಇಳಿಯೋಣ.

1. ಭಾಗ, ಕೆಲಸ, ಪುರಾವೆ: ಮೂರು ಕಾಲಂ ಹಾಕಿ

ನೋಟ್‌ಬುಕ್ಕಿನ ಪುಟಕ್ಕೆ ಎರಡು ಗೆರೆ ಎಳೆಯಿರಿ. ಮೊದಲ ಕಾಲಂನಲ್ಲಿ ಭಾಗದ ಹೆಸರು, ಎರಡನೆಯದರಲ್ಲಿ ಅದರ ಕೆಲಸ, ಮೂರನೆಯದರಲ್ಲಿ ನಿಮ್ಮ ಹೊಲದಲ್ಲಿ ಕಂಡ ಪುರಾವೆ. ಮೂರನೇ ಕಾಲಂ ಖಾಲಿ ಇದ್ದರೆ ಆ ಭಾಗ ಇನ್ನೂ ಓದಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಹೆಸರು ಮರೆತುಹೋಗಬಹುದು, ಕಣ್ಣಾರೆ ಕಂಡ ಪುರಾವೆ ಮರೆಯುವುದಿಲ್ಲ. ಪುರಾವೆ ನೆನಪಾದರೆ ಕೆಲಸವೂ ಹೆಸರೂ ಅದರ ಹಿಂದೆಯೇ ಬರುತ್ತವೆ. ಮುಂದಿನ ಎಲ್ಲ ಸೂತ್ರಗಳೂ ಆ ಮೂರನೇ ಕಾಲಂ ತುಂಬುವುದಕ್ಕೇ ಇರುವುದು.

2. ಬೀಜದಿಂದ ಶುರು ಮಾಡಿ

ಇವತ್ತು ರಾತ್ರಿ ಒಂದು ಹಿಡಿ ಕಡಲೆ, ಒಂದು ಹಿಡಿ ಜೋಳ ನೆನೆಹಾಕಿ. ಬೆಳಿಗ್ಗೆ ಕಡಲೆಯ ಸಿಪ್ಪೆ ಸುಲಿದು ಎರಡು ಹೋಳು ಮಾಡಿ. ಆ ಎರಡು ಹೋಳೇ ಬೀಜದಳ. ನಾವು ಬೇಳೆ ಅಂತ ತಿನ್ನುವುದು ಇದನ್ನೇ. ಸಂದಿನಲ್ಲಿ ಸಣ್ಣ ಕೊಕ್ಕಿನಂತೆ ಕಾಣುವುದು ಭ್ರೂಣ: ಒಂದು ತುದಿ ಬೇರಾಗುತ್ತದೆ, ಇನ್ನೊಂದು ಕಾಂಡವಾಗುತ್ತದೆ.

ಜೋಳದ ಕಾಳನ್ನು ಹಾಗೆ ಎರಡು ಹೋಳು ಮಾಡಲು ಆಗುವುದಿಲ್ಲ. ಅದರಲ್ಲಿ ಬೀಜದಳ ಒಂದೇ, ಊಟ ಕೂಡಿಟ್ಟಿರುವುದು ಬೀಜದಳದ ಹೊರಗಿನ ಭ್ರೂಣಾಹಾರದಲ್ಲಿ. ರೊಟ್ಟಿಯ ಹಿಟ್ಟಿನ ಬಹುಪಾಲು ಇದೇ. ದ್ವಿದಳ, ಏಕದಳ ಎಂಬ ದೊಡ್ಡ ವಿಭಾಗ ಅಡುಗೆಮನೆಯಲ್ಲೇ ಮುಗಿಯಿತು.

ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊದಲು ಹೊರಬರುವುದು ಸಾಮಾನ್ಯವಾಗಿ ಬೇರು. ನೀರಿನ ಸಂಪರ್ಕ ಸಿಗದೆ ಗಿಡ ಮೇಲೇಳುವುದಿಲ್ಲ. ಜೊತೆಗೆ ಹತ್ತಿಯನ್ನೂ ಒಂದು ಕುಂಡದಲ್ಲಿ ಊರಿ. ಹತ್ತಿಯ ಬೀಜದಳಗಳು ಮಣ್ಣಿನ ಮೇಲೆ ಬಂದು ಹಸಿರಾಗಿ ಎಲೆಯ ಕೆಲಸ ಮಾಡುತ್ತವೆ, ಕಡಲೆಯ ಬೀಜದಳಗಳು ಮಣ್ಣಿನಲ್ಲೇ ಉಳಿಯುತ್ತವೆ. ಎರಡೂ ದ್ವಿದಳ, ಆದರೂ ಮೊಳೆಯುವ ರೀತಿ ಬೇರೆ. ಪಿಯುಸಿಯಲ್ಲಿ ಈ ವ್ಯತ್ಯಾಸ ಕೇಳುತ್ತಾರೆ. ನೀವು ಕಂಡದ್ದನ್ನೇ ಬರೆಯುತ್ತೀರಿ.

3. ಬೇರನ್ನು ಕೀಳಬೇಡಿ, ತೋಡಿ ನೋಡಿ

ಗಿಡ ಹಿಡಿದು ಜಗ್ಗಿದರೆ ಮುಖ್ಯವಾದದ್ದೇ ಹರಿದು ಮಣ್ಣಿನಲ್ಲಿ ಉಳಿಯುತ್ತದೆ. ನೀರು ಹೀರುವುದು ದಪ್ಪ ಬೇರಿಗಿಂತ ತುದಿಯ ಹಿಂದೆ ಇರುವ ಬೇರುರೋಮಗಳ ಕೆಲಸ. ಕೂದಲಿಗಿಂತ ತೆಳ್ಳಗಿರುವ ಇವು ಒಂದೊಂದೂ ಒಂದೇ ಜೀವಕೋಶದ ಚಾಚು. ಮೆಣಸಿನ ಅಗಿ ಹಚ್ಚಿದ ಮೊದಲೆರಡು ದಿನ ಅದು ಯಾಕೆ ಬಾಡುತ್ತದೆ? ಅಗಿ ಕೀಳುವಾಗ ಬೇರುರೋಮ ಹರಿದಿರುತ್ತವೆ. ಹೊಸವು ಮೂಡಿದ ಮೇಲೆ ಗಿಡ ತಲೆ ಎತ್ತುತ್ತದೆ. ಪುರಾವೆ ಸಿಕ್ಕಿತು, ಬರೆದುಕೊಳ್ಳಿ.

ಸಲಿಕೆಯಿಂದ ಕಡಲೆ ಗಿಡದ ಸುತ್ತ ಒಂದು ಗೇಣು ದೂರ ಬಿಟ್ಟು ಮಣ್ಣಿನ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ನಿಧಾನ ತೊಳೆಯಿರಿ. ನಡುವೆ ಒಂದು ತಾಯಿ ಬೇರು, ಪಕ್ಕಕ್ಕೆ ಕವಲು, ಕವಲಿನ ಮೇಲೆ ಸಣ್ಣ ಗಂಟುಗಳು. ಒಂದು ಗಂಟು ಉಗುರಿನಿಂದ ಒಡೆಯಿರಿ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ. ಗಂಟಿನೊಳಗಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಅನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ, ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿ. ಕಡಲೆ ಬೀಜಕ್ಕೆ ರೈಜೋಬಿಯಂ ಪುಡಿ ಹಚ್ಚಿ ಬಿತ್ತಿ ಅಂತ ಕೃಷಿ ಇಲಾಖೆಯವರು ಹೇಳುವುದರ ಹಿಂದಿನ ವಿಜ್ಞಾನ ಪೂರ್ತಿ ಇಷ್ಟೇ.

ಈಗ ಜೋಳದ ಗಿಡ ತೋಡಿ. ತಾಯಿ ಬೇರು ಹುಡುಕಿದರೂ ಸಿಗುವುದಿಲ್ಲ. ಬುಡದಿಂದ ಗೊಂಚಲು ಗೊಂಚಲಾಗಿ ತಂತು ಬೇರು. ಕೆಳಗಿನ ಗೆಣ್ಣಿನಿಂದ ಹೊರಟು ಮಣ್ಣಿಗೆ ಇಳಿದ ದಪ್ಪ ಬೇರುಗಳೂ ಕಾಣುತ್ತವೆ. ಗಾಳಿಗೆ ಗಿಡ ಮಲಗದಂತೆ ಹಿಡಿಯುವುದು ಅವು. ಗೋವಿನಜೋಳದಲ್ಲಿ ಇನ್ನೂ ಸ್ಪಷ್ಟ.

ಒಂದು ಪ್ರಶ್ನೆ ನಿಮಗೆ ನೀವೇ ಹಾಕಿಕೊಳ್ಳಿ: ಮಳೆಯೇ ಇಲ್ಲದ ಡಿಸೆಂಬರಿನಲ್ಲಿ ಹಿಂಗಾರಿ ಜೋಳ ಹೇಗೆ ಬದುಕುತ್ತದೆ? ಎರೆ ಮಣ್ಣು ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ, ಜೋಳದ ಬೇರು ಆ ಹಸಿಯನ್ನು ಹಿಂಬಾಲಿಸಿ ಒಂದೂವರೆ ಮೀಟರ್ ದಾಟಿ ಇಳಿಯಬಲ್ಲದು. ಅಪ್ಪ ಎಡೆ ಹೊಡೆಯುವುದು ಕಸ ಕೀಳಲಿಕ್ಕೆ ಮಾತ್ರ ಅಂತ ತಿಳಿಯಬೇಡಿ. ಮೇಲಿನ ಮಣ್ಣು ಸಡಿಲಾದರೆ ಬಿರುಕು ಮುಚ್ಚುತ್ತದೆ, ಹಸಿ ಆರುವುದು ಕಡಿಮೆಯಾಗುತ್ತದೆ, ಬಿರುಕಿಗೆ ಸಿಕ್ಕಿ ಬೇರು ಹರಿಯುವುದೂ ತಪ್ಪುತ್ತದೆ. ಇಷ್ಟನ್ನು ಉತ್ತರಪತ್ರಿಕೆಯಲ್ಲಿ ಉದಾಹರಣೆಯಾಗಿ ಬರೆದರೆ ಮೌಲ್ಯಮಾಪಕರ ಪೆನ್ನು ಅಲ್ಲಿ ನಿಲ್ಲುತ್ತದೆ.

ಬೇರಿಗೆ ಉಸಿರೂ ಬೇಕು. ಜೋರು ಮಳೆಯಲ್ಲಿ ನೀರು ನಿಂತ ಮಡಿಯ ಬೆಳೆ ಹಳದಿಯಾಗುವುದು ಇದಕ್ಕೇ. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ತುಂಬಿದರೆ ಬೇರಿಗೆ ಆಮ್ಲಜನಕ ಸಿಗದು, ಆಮ್ಲಜನಕವಿಲ್ಲದೆ ಬೇರು ಏನನ್ನೂ ಸರಿಯಾಗಿ ಹೀರದು.

4. ಕಾಂಡದಲ್ಲಿ ಎರಡು ದಾರಿ, ಎರಡನ್ನೂ ಪ್ರೂವ್ ಮಾಡಿ

ಕ್ಸೈಲಂ ನೀರು ಮತ್ತು ಲವಣಗಳನ್ನು ಬೇರಿನಿಂದ ಮೇಲಕ್ಕೆ ಒಯ್ಯುತ್ತದೆ. ಫ್ಲೋಯಂ ಎಲೆ ತಯಾರಿಸಿದ ಸಕ್ಕರೆಯನ್ನು ಬೇಕಾದ ಕಡೆಗೆಲ್ಲ ಸಾಗಿಸುತ್ತದೆ, ಕೆಳಕ್ಕೂ ಮೇಲಕ್ಕೂ. ಇಷ್ಟು ಎಲ್ಲರೂ ಬರೆಯುತ್ತಾರೆ. ನೀವು ಮಾಡಿ ತೋರಿಸಿ.

ಕ್ಸೈಲಂಗೆ: ಬಿಳಿ ಸೇವಂತಿಗೆಯ ದಂಟನ್ನು ಓರೆಯಾಗಿ ಕತ್ತರಿಸಿ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ. ಮರುದಿನ ಬೆಳಿಗ್ಗೆ ದಳಗಳಲ್ಲಿ ಕೆಂಪು ಗೆರೆಗಳು. ದಂಟನ್ನು ಅಡ್ಡ ಕೊಯ್ದರೆ ಬಣ್ಣ ಏರಿದ ದಾರಿಯೇ ಕಾಣುತ್ತದೆ.

ಫ್ಲೋಯಂಗೆ: ಬೇವಿನ ಒಂದು ಸಣ್ಣ ಟೊಂಗೆಯ ತೊಗಟೆಯನ್ನು ಬೆರಳಗಲ ಉಂಗುರದಂತೆ ಸುಲಿಯಿರಿ. ಮುಖ್ಯ ಬೊಡ್ಡೆಯನ್ನು ಮುಟ್ಟಬೇಡಿ, ಮರ ಸಾಯುತ್ತದೆ. ವಾರಗಳು ಕಳೆದಂತೆ ಉಂಗುರದ ಮೇಲಿನ ಅಂಚು ಊದಿಕೊಳ್ಳುತ್ತದೆ, ಯಾಕೆಂದರೆ ಫ್ಲೋಯಂ ತೊಗಟೆಯ ಜೊತೆ ಹೋಯಿತು, ಇಳಿಯುವ ಸಕ್ಕರೆ ಅಲ್ಲೇ ನಿಂತಿತು. ಎಲೆಗಳು ಮಾತ್ರ ಹಸಿರಾಗಿಯೇ ಇರುತ್ತವೆ. ಕಟ್ಟಿಗೆಯೊಳಗಿನ ಕ್ಸೈಲಂ ನೀರು ಕೊಡುತ್ತಲೇ ಇದೆ. ಹೇನು ಹತ್ತಿದ ಹತ್ತಿ ಎಲೆ, ಜೋಳದ ಎಲೆ ಅಂಟಂಟಾಗುವುದೂ ಫ್ಲೋಯಂನ ಪುರಾವೆಯೇ: ಹೇನು ಫ್ಲೋಯಂ ರಸ ಹೀರಿ, ಮಿಕ್ಕ ಸಕ್ಕರೆ ನೀರನ್ನು ಹೊರಹಾಕುತ್ತದೆ.

ಜೋಳದ ದಂಟು ಮತ್ತು ಹತ್ತಿಯ ಎಳೆ ಕಾಂಡ ಎರಡನ್ನೂ ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಡಿ. ಜೋಳದಲ್ಲಿ ಕ್ಸೈಲಂ, ಫ್ಲೋಯಂ ಕೂಡಿದ ನಾಳಕೂರ್ಚಗಳು ಅಲ್ಲಲ್ಲಿ ಚೆದುರಿವೆ, ಹತ್ತಿಯಲ್ಲಿ ಉಂಗುರವಾಗಿ ನಿಂತಿವೆ. ಈ ಚಿತ್ರ ಒಮ್ಮೆ ಕಂಡವರಿಗೆ ಏಕದಳ-ದ್ವಿದಳ ಪ್ರಶ್ನೆ ತಪ್ಪುವುದು ಸಾಧ್ಯವೇ ಇಲ್ಲ.

5. ಕಡಲೆ ಕುಡಿ ಚೂಟುವ ಅವ್ವನಿಂದ ಹಾರ್ಮೋನ್ ಕಲಿಯಿರಿ

ಬಿತ್ತಿ ಒಂದು ತಿಂಗಳ ಸುಮಾರಿಗೆ ಅವ್ವ ಕಡ್ಲಿ ಪಲ್ಲೆಗೆ ಕುಡಿ ಚೂಟಿ ತರುತ್ತಾಳೆ. "ಅವ್ವಾ, ಕುಡಿ ಚೂಟಿದ್ರ ಗಿಡ ಹಾಳಾಗಂಗಿಲ್ಲೇನ?" ಅಂತ ಕೇಳಿ ನೋಡಿ. "ಚೂಟಿದ್ರನ ಕವಲ ಒಡಿತಾವಲ್ಲೋ" ಎಂಬ ಉತ್ತರ ಬರುತ್ತದೆ. ಪಿಯುಸಿ ಪುಸ್ತಕ ಇದನ್ನೇ ತುದಿ ಪ್ರಾಬಲ್ಯ ಎನ್ನುತ್ತದೆ. ತುದಿಯ ಮೊಗ್ಗಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿಳಿಯುತ್ತ ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಹೋದರೆ ತಡೆ ಹೋಗುತ್ತದೆ, ಪಕ್ಕದ ಮೊಗ್ಗುಗಳು ಕವಲಾಗುತ್ತವೆ. ಕವಲು ಹೆಚ್ಚಿದರೆ ಹೂವು ಹೆಚ್ಚು, ಹೂವು ಹೆಚ್ಚಿದರೆ ಕಾಯಿ ಹೆಚ್ಚು. ಪಲ್ಯವೂ ಆಯಿತು, ಇಳುವರಿಯೂ ಆಯಿತು.

ಇದನ್ನು ಪ್ರಯೋಗ ಮಾಡಿ. ಒಂದು ಸಾಲಿನ ಕುಡಿ ಚೂಟಿ, ಪಕ್ಕದ ಸಾಲನ್ನು ಹಾಗೇ ಬಿಡಿ. ಎರಡೂ ಸಾಲಿನಲ್ಲಿ ಐದೈದು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಹದಿನೈದು ದಿನಕ್ಕೊಮ್ಮೆ ಕವಲು ಎಣಿಸಿ ಬರೆಯಿರಿ. ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲ್ ಮಾಡೆಲ್ ಒಯ್ಯುವವರ ನಡುವೆ ನೀವು ಸ್ವಂತ ಡೇಟಾ ಒಯ್ಯುತ್ತೀರಿ.

ಇದಕ್ಕೆ ವಿರುದ್ಧವಾದ ಕೇಸ್ ಕೂಡ ನೋಡಿಡಿ. ಎಳೆ ಜೋಳಕ್ಕೆ ಸುಳಿ ನೊಣ ಬಿದ್ದರೆ ನಡುವಿನ ಸುಳಿ ಒಣಗುತ್ತದೆ, ಜಗ್ಗಿದರೆ ಸಲೀಸಾಗಿ ಕಿತ್ತು ಬರುತ್ತದೆ. ಹುಳು ತಿಂದದ್ದು ತುದಿಯ ವರ್ಧನ ಅಂಗಾಂಶವನ್ನು. ಗಿಡ ಬುಡದಿಂದ ಮರಿ ಒಡೆದು ಬದುಕಲು ನೋಡುತ್ತದೆ, ಆದರೆ ಆ ಮರಿಗಳ ತೆನೆ ಮೊದಲಿನ ತೆನೆಗೆ ಸಾಟಿಯಾಗುವುದು ಅಪರೂಪ. ಬೆಳವಣಿಗೆ ಎಲ್ಲಿಂದ ಆಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಲ್ಯಾಬಿನಲ್ಲಿ ಸಿಗದು.

6. ಎಲೆಯ ಮೇಲೆ ಕೈಯಾರೆ ಪ್ರಯೋಗ ಮಾಡಿ

ಎಲೆ ಗಿಡದ ಅಡುಗೆಮನೆ ಅಂತ ಆರನೇ ಕ್ಲಾಸಿನಿಂದ ಕೇಳಿದ್ದೀರಿ. ಅಲ್ಲೇ ನಿಲ್ಲಬೇಡಿ. ಕಚ್ಚಾ ವಸ್ತು ಯಾವುದು, ಎಲ್ಲಿಂದ ಬಂತು, ಉಳಿದದ್ದು ಎಲ್ಲಿ ಹೋಯಿತು, ಕೇಳಿ. ನೀರು ಬೇರಿನಿಂದ, ಕಾರ್ಬನ್ ಡೈಆಕ್ಸೈಡ್ ಗಾಳಿಯಿಂದ, ಶಕ್ತಿ ಬಿಸಿಲಿನಿಂದ. ತಯಾರಾಗುವುದು ಸಕ್ಕರೆ, ಹೊರಹೋಗುವುದು ಆಮ್ಲಜನಕ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ಭ್ರಮೆ ಇದ್ದರೆ ಇವತ್ತೇ ಕಿತ್ತುಹಾಕಿ. ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು 90 ಕಿಲೋ ಒಣ ಮಣ್ಣಿನಲ್ಲಿ ವಿಲ್ಲೋ ಗಿಡ ನೆಟ್ಟು 5 ವರ್ಷ ನೀರು ಮಾತ್ರ ಹಾಕಿದ. ಎರಡು ಕಿಲೋ ಚಿಲ್ಲರೆ ಇದ್ದ ಗಿಡ 76 ಕಿಲೋ ದಾಟಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಮಿಗಿಂತ ಕಡಿಮೆ. ಅವನ ಬರಹ 1648ರಲ್ಲಿ, ಅವನು ತೀರಿದ ಮೇಲೆ ಪ್ರಕಟವಾಯಿತು. ತೂಕವೆಲ್ಲ ನೀರಿನಿಂದ ಬಂತು ಅಂತ ಅವನು ತೀರ್ಮಾನಿಸಿದ, ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ನಿಮಗೆ ಗೊತ್ತಿದೆ. ಕಣದಲ್ಲಿ ರಾಶಿ ಬಿದ್ದ ಜೋಳದ ಒಣ ತೂಕದ ಬಹುಭಾಗ ಗಾಳಿ ಮತ್ತು ನೀರಿನಿಂದಲೇ ಕಟ್ಟಿದ್ದು.

ಈಗ ಕೈಕೆಲಸ. ಬೆಳಿಗ್ಗೆ ಹತ್ತಿ ಗಿಡದ ಒಂದು ಟೊಂಗೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ. ಮಧ್ಯಾಹ್ನ ಚೀಲದ ಒಳಗೆ ನೀರಿನ ಹನಿ. ಅದೇ ಬಾಷ್ಪವಿಸರ್ಜನೆ. ಬೇರು ಹೀರಿದ ನೀರಿನಲ್ಲಿ ಶೇ 95ಕ್ಕೂ ಹೆಚ್ಚು ಭಾಗ ಹೀಗೆ ಗಾಳಿ ಸೇರುತ್ತದೆ. ಇದು ನಷ್ಟ ಎನಿಸಬಹುದು, ಆದರೆ ಎಲೆಯಿಂದ ನೀರು ಆರುವ ಸೆಳೆತವೇ ಕ್ಸೈಲಂನ ನೀರನ್ನು ಮೇಲಕ್ಕೆ ಎಳೆಯುತ್ತದೆ, ಎಲೆಯನ್ನು ತಂಪಾಗಿಡುತ್ತದೆ.

ನೀರು ಹೊರಹೋಗುವ ಬಾಗಿಲು ನೋಡಬೇಕೇ? ಎಲೆಯ ಕೆಳಮೈಗೆ ತೆಳ್ಳಗೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಕಿತ್ತು ಗಾಜಿನ ಸ್ಲೈಡಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಇಡಿ. ಪತ್ರರಂಧ್ರಗಳ ಅಚ್ಚು ಕಾಣುತ್ತದೆ. ಹತ್ತಿ, ಕಡಲೆಯಲ್ಲಿ ಕಾವಲು ಜೀವಕೋಶಗಳು ಅವರೆಕಾಳಿನ ಆಕಾರ. ಜೋಳ, ಗೋಧಿಯಂಥ ಹುಲ್ಲಿನ ಜಾತಿಯಲ್ಲಿ ಡಂಬೆಲ್ ಆಕಾರ. ಅವು ನೀರು ತುಂಬಿ ಉಬ್ಬಿದಾಗ ರಂಧ್ರ ತೆರೆಯುತ್ತದೆ, ಸಡಿಲಾದಾಗ ಮುಚ್ಚುತ್ತದೆ.

ಮಟಮಟ ಮಧ್ಯಾಹ್ನ ಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದನ್ನು ನೋಡಿಯೇ ಇರುತ್ತೀರಿ. ಎಲೆಯ ಮೇಲ್ಮೈಯ ಕೆಲವು ದೊಡ್ಡ ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗಿ ಎಲೆಯನ್ನು ಸುತ್ತುತ್ತವೆ, ಬಿಸಿಲು ಬೀಳುವ ಮೈ ಕಡಿಮೆಯಾಗುತ್ತದೆ. ದಂಟಿನ ಮೇಲಿನ ಬಿಳಿ ಮೇಣವೂ ನೀರು ಉಳಿಸಲಿಕ್ಕೇ. ಇದರ ಜೊತೆಗೆ ಜೋಳ, ಗೋವಿನಜೋಳ, ಕಬ್ಬು ಮೂರೂ ಸಿ4 ಸಸ್ಯಗಳು. ಬಿಸಿಲು ಜಾಸ್ತಿ ಇದ್ದಾಗ ಕಡಿಮೆ ನೀರು ಖರ್ಚು ಮಾಡಿ ಹೆಚ್ಚು ಸಕ್ಕರೆ ಕಟ್ಟುತ್ತವೆ. ಗೋಧಿ, ಹತ್ತಿ, ಕಡಲೆ ಸಿ3. ನೀಟ್‌ನಲ್ಲಿ ಈ ಪಟ್ಟಿ ಆಗಾಗ ಬರುತ್ತದೆ.

ಎಲೆಗೆ ಆತ್ಮರಕ್ಷಣೆಯೂ ಗೊತ್ತು. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದಲ್ಲಿ ನಡೆದರೆ ಕಾಲು ಚುರುಗುಡುತ್ತದೆ, ಎಲೆ ನೆಕ್ಕಿದರೆ ಹುಳಿ. ಎಲೆಯ ಮೇಲಿನ ಗ್ರಂಥಿರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ. ಎಳೆಯ ಅಥವಾ ಬರಕ್ಕೆ ಸಿಕ್ಕಿ ಮುರುಟಿದ ಜೋಳವನ್ನು ದನಕ್ಕೆ ಹಾಕಬೇಡ ಅಂತ ಅಜ್ಜ ಗದರುವುದಕ್ಕೂ ಕಾರಣವಿದೆ: ಅದರಲ್ಲಿ ಧುರಿನ್ ಎಂಬ ಸಂಯುಕ್ತ ಹೆಚ್ಚಿರುತ್ತದೆ, ದನದ ಹೊಟ್ಟೆಯಲ್ಲಿ ಅದು ಹೈಡ್ರೋಜನ್ ಸೈನೈಡ್ ಬಿಡುತ್ತದೆ.

7. ಎಲೆಯ ಬಣ್ಣ ಓದಲು ಕಲಿಯಿರಿ

ಹಳೆಯ ಎಲೆ ಮೊದಲು ಹಳದಿಯಾದರೆ ನೈಟ್ರೋಜನ್ ಕೊರತೆಯನ್ನು ಸಂಶಯಿಸಿ, ಯಾಕೆಂದರೆ ಗಿಡ ಹಳೆ ಎಲೆಯಿಂದ ನೈಟ್ರೋಜನ್ ಕಿತ್ತು ಹೊಸ ಎಲೆಗೆ ಕಳಿಸಬಲ್ಲದು. ಹೊಸ ಎಲೆ ನರ ಹಸಿರಿದ್ದು ನಡುವೆ ಬೆಳ್ಳಗಾದರೆ ಕಬ್ಬಿಣ. ಕಬ್ಬಿಣ ಹಾಗೆ ಜಾಗ ಬದಲಿಸುವುದಿಲ್ಲ. ಸುಣ್ಣದಂಶ ಇರುವ ಎರೆ ಮಣ್ಣಿನಲ್ಲಿ ಶೇಂಗಾ, ಕಬ್ಬಿಗೆ ಇದು ಸಾಮಾನ್ಯ. ಹತ್ತಿ ಎಲೆ ಕೆಂಪಾಗಲು ಮೆಗ್ನೀಸಿಯಂ ಕೊರತೆ ಒಂದು ಕಾರಣ. ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿದೆ. ಇಷ್ಟು ಕಲಿತ ಹುಡುಗನ ಮಾತನ್ನು ಮನೆಯ ಹಿರಿಯರು ಕೇಳಲು ಶುರು ಮಾಡುತ್ತಾರೆ.

8. ಹತ್ತಿ ಹೂವನ್ನು ಬಿಡಿಸಿ, ಧಾರವಾಡದ ಇತಿಹಾಸ ಓದಿ

ಹೂವಿನ ಚಿತ್ರ ಬರೆಯಲು ದಾಸವಾಳ ಹುಡುಕಬೇಡಿ, ಹತ್ತಿ ಅದೇ ಕುಟುಂಬದ್ದು. ಬೆಳಿಗ್ಗೆ ಅರಳಿದ ಒಂದು ಹೂವು ತನ್ನಿ. ಹೊರಗಿನ ಹಸಿರು ಭಾಗ ತೆಗೆಯಿರಿ, ದಳ ಬಿಡಿಸಿ. ನಡುವೆ ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಾಗಿವೆ. ಆ ಕೊಳವೆಯ ಒಳಗಿಂದ ಶಲಾಕನಳಿಕೆ ಹಾದು ತುದಿಯಲ್ಲಿ ಶಲಾಕಾಗ್ರ ಹೊರಗೆ ಇಣುಕುತ್ತದೆ. ಬುಡದ ಉಬ್ಬು ಅಂಡಾಶಯ. ಅಡ್ಡ ಕೊಯ್ದರೆ ಅಂಡಕಗಳು ಸಾಲಾಗಿ ಕಾಣುತ್ತವೆ. ಪರಾಗ ಶಲಾಕಾಗ್ರಕ್ಕೆ ಅಂಟಿ, ನಳಿಕೆ ಬೆಳೆಸಿ, ಅಂಡಕ ತಲುಪಿದರೆ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಾಗುತ್ತದೆ. ಕೆನೆಬಣ್ಣದ ಹೂವು ಮರುದಿನ ಗುಲಾಬಿಗೆ ತಿರುಗಿದ್ದನ್ನೂ ಗಮನಿಸಿ.

ಈ ಪುಟ್ಟ ಜ್ಞಾನದ ಮೇಲೆ ಒಂದು ಉದ್ಯಮವೇ ನಿಂತಿದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ.ಎಚ್. ಕಾತರಕಿ ಅವರ 'ವರಲಕ್ಷ್ಮಿ' ಹತ್ತಿ ಹೊರಬಂತು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ, ರೈತರ ಹೊಲದಲ್ಲಿ ವಾಣಿಜ್ಯವಾಗಿ ಬೆಳೆದ ಜಗತ್ತಿನ ಮೊದಲ ಹೈಬ್ರಿಡ್ ಇದು. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32, ಅಂದರೆ 'ಜಯಲಕ್ಷ್ಮಿ' ಬಂತು. ಉದ್ದ ಎಳೆಗೆ ಅದು ಹೆಸರುವಾಸಿ.

ಹೈಬ್ರಿಡ್ ಮಾಡುವುದು ಹೇಗೆ? ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹಿಡಿದು ದಳ ಮತ್ತು ಕೇಸರದ ಕೊಳವೆಯನ್ನು ಉಗುರಿನಿಂದ ಬಿಡಿಸಿ ತೆಗೆಯುತ್ತಾರೆ. ಶಲಾಕೆಗೆ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವು ತಂದು ಅದರ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. ಹಾವೇರಿ, ರಾಣೇಬೆನ್ನೂರು ಕಡೆ ಸಾವಿರಾರು ಹೆಣ್ಣುಮಕ್ಕಳು 'ಕ್ರಾಸಿಂಗ್' ಎಂಬ ಹೆಸರಿನಲ್ಲಿ ದಿನವಿಡೀ ಮಾಡುವ ಕೆಲಸ ಇದೇ. ಕೇಸರ, ಶಲಾಕೆ ಎಂಬ ಪದ ಅವರಲ್ಲಿ ಎಷ್ಟೋ ಜನ ಓದಿಲ್ಲ, ಆದರೆ ಅವರ ಬೆರಳಿಗಿರುವ ನಿಖರತೆ ದೊಡ್ಡ ದೊಡ್ಡ ಲ್ಯಾಬಿಗೂ ಮಾದರಿ. ಅವರ ಬಗ್ಗೆ ಗೌರವ ಇರಲಿ. ನಿಮ್ಮ ಕೈಯಲ್ಲೂ ಅಷ್ಟೇ ನಾಜೂಕು ಬರಲಿ.

ಇನ್ನೊಂದು ಸಂಗತಿ, ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬೈಲಹೊಂಗಲದ ಪೇಟೆಗೆ ಹೋಗುವ ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ! ಬೀಜದ ಹೊರಮೈಯ ಜೀವಕೋಶವೊಂದು ಮೂರು ಸೆಂಟಿಮೀಟರ್ ಆಸುಪಾಸು ಉದ್ದಕ್ಕೆ ಬೆಳೆದು, ಗೋಡೆಗೆ ಸೆಲ್ಯುಲೋಸ್ ಪದರ ಹಚ್ಚಿಕೊಂಡು ಒಣಗುತ್ತದೆ. ನಿಮ್ಮ ಅಂಗಿಯ ನೂಲಿನಲ್ಲಿ ಬರಿಗಣ್ಣಿಗೆ ಕಾಣುವ ಜೀವಕೋಶಗಳಿವೆ.

9. ಮೋಸದ ಪ್ರಶ್ನೆಗಳಿಗೆ ಮೊದಲೇ ಸಿದ್ಧರಾಗಿ

ಮಣ್ಣಿನೊಳಗೆ ಇರುವುದೆಲ್ಲ ಬೇರಲ್ಲ. ಗೆಣಸು, ಗಜ್ಜರಿ, ಮೂಲಂಗಿ ಬೇರು. ಆಲೂಗಡ್ಡೆ ಕಾಂಡ, ಅದರ ಕಣ್ಣುಗಳೇ ಮೊಗ್ಗು. ಉಳ್ಳಾಗಡ್ಡಿಯಲ್ಲಿ ಕಾಂಡ ಬುಡದ ಬಿಲ್ಲೆಯಷ್ಟೇ, ನಾವು ತಿನ್ನುವ ಪದರಗಳು ಎಲೆಯ ಬುಡ. ಜಾತ್ರೆಯಲ್ಲಿ ಎಲ್ಲಮ್ಮನ ಗುಡ್ಡವನ್ನೇ ಹಳದಿ ಮಾಡುವ ಭಂಡಾರ ಅರಿಶಿನದ್ದು, ಅರಿಶಿನದ ಕೊಂಬು ನೆಲದೊಳಗಿನ ಕಾಂಡ. ನಂಬದಿದ್ದರೆ ಹಸಿ ಕೊಂಬಿನ ಮೇಲೆ ಗೆಣ್ಣಿನ ಗೆರೆ ಮತ್ತು ಮೊಗ್ಗು ಹುಡುಕಿ. ಬೇರಿನ ಮೇಲೆ ಗೆಣ್ಣು ಇರುವುದಿಲ್ಲ.

ಶೇಂಗಾ ಕಾಯಿ ಬೇರೂ ಅಲ್ಲ ಕಾಂಡವೂ ಅಲ್ಲ, ಹಣ್ಣು. ಹೂವು ಮೇಲೆ ಅರಳುತ್ತದೆ, ಗರ್ಭ ಕಟ್ಟಿದ ಮೇಲೆ ದಾರದಂಥ ಕಡ್ಡಿ ಮಣ್ಣಿಗಿಳಿದು ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿ ಮಣ್ಣಿನಿಂದ ನೇರವಾಗಿ ಕ್ಯಾಲ್ಸಿಯಂ ಹೀರುವುದರಿಂದಲೇ ಆ ಹೊತ್ತಿಗೆ ಜಿಪ್ಸಮ್ ಹಾಕುತ್ತಾರೆ. ಜೋಳದ ಕಾಳೂ ಸಸ್ಯಶಾಸ್ತ್ರದ ಪ್ರಕಾರ ಹಣ್ಣು, ಹಣ್ಣಿನ ಗೋಡೆ ಬೀಜದ ಸಿಪ್ಪೆಗೆ ಅಂಟಿಹೋಗಿದೆ. ಬೇವಿನ ಕಡ್ಡಿಯ ಮೇಲಿನ ಸಣ್ಣ ಎಲೆಗಳು ಬಿಡಿ ಎಲೆಗಳಲ್ಲ, ಒಂದೇ ಎಲೆಯ ಕಿರುಭಾಗಗಳು. ಟೆಸ್ಟ್ ಸುಲಭ: ಕಂಕುಳಲ್ಲಿ ಮೊಗ್ಗು ಇದ್ದರೆ ಎಲೆ, ಇಲ್ಲದಿದ್ದರೆ ಕಿರುಎಲೆ.

10. ದಿನಕ್ಕೊಂದು ಚಿತ್ರ, ಎರಡು ಭಾಷೆಯಲ್ಲಿ ಹೆಸರು

ಎಚ್‌ಬಿ ಪೆನ್ಸಿಲ್, ಶೇಡಿಂಗ್ ಬೇಡ, ಗುರುತಿನ ಗೆರೆ ಸ್ಕೇಲಿನಿಂದ. ಪತ್ರರಂಧ್ರ, ಎಲೆಯ ಅಡ್ಡಸೀಳಿಕೆ, ಹೂವಿನ ನೀಳಸೀಳಿಕೆ, ಶಲಾಕಾಗ್ರದ ಮೇಲೆ ಪರಾಗ ಮೊಳೆಯುವುದು, ಈ ನಾಲ್ಕನ್ನು ನೋಡದೆ ಬರೆಯುವ ತನಕ ಬಿಡಬೇಡಿ. ಕನ್ನಡ ಮೀಡಿಯಂನವರು ಪಿಯುಸಿ ಸೈನ್ಸಿಗೆ ಹೋದಾಗ ಹೆದರುವುದು ಹೆಸರಿಗೆ ಮಾತ್ರ. ಬಾಷ್ಪವಿಸರ್ಜನೆಯ ಪಕ್ಕ ಟ್ರಾನ್ಸ್‌ಪಿರೇಷನ್, ಕೇಸರದ ಪಕ್ಕ ಸ್ಟೇಮನ್ ಅಂತ ಈಗಲೇ ಬರೆದಿಡಿ. ವಿಷಯ ಗೊತ್ತಿದ್ದವರಿಗೆ ಹೊಸ ಹೆಸರು ಎರಡು ತಿಂಗಳ ಕೆಲಸ.

11. ಟೈಮ್‌ಟೇಬಲ್ ಅನ್ನು ಹಂಗಾಮಿಗೆ ಹೊಂದಿಸಿ

ಮುಂಗಾರಿನಲ್ಲಿ ಬೀಜ ಮತ್ತು ಮೊಳಕೆ ಓದಿ. ಹತ್ತಿ ಹೂ ಬಿಟ್ಟಾಗ ಹೂವು. ಅಕ್ಟೋಬರಿನಲ್ಲಿ ಕಡಲೆ ಬಿತ್ತಿದ ಮೇಲೆ ಬೇರು ಮತ್ತು ಗಂಟು. ಡಿಸೆಂಬರಿನಲ್ಲಿ ಎಲೆ. ಸೀತನಿ ತಿನ್ನುವ ಹೊತ್ತಿಗೆ ಭ್ರೂಣಾಹಾರ: ಎಳೆ ಕಾಳು ಹಿಸುಕಿದರೆ ಬರುವ ಹಾಲೇ ಮುಂದೆ ಗಟ್ಟಿಯಾಗಿ ಹಿಟ್ಟಾಗುವುದು. ರಾಶಿಯ ಹೊತ್ತಿಗೆ ಬೋರ್ಡ್ ಪರೀಕ್ಷೆ ಬರುತ್ತದೆ, ಆಗ ಹೊಸದು ಓದಬೇಡಿ, ಮೂರು ಕಾಲಂ ಮಾತ್ರ ತಿರುವಿಹಾಕಿ. ಹೊಲದ ಕೆಲಸದಿಂದ ಓದು ಕೆಡುತ್ತದೆ ಎಂಬ ನೆಪ ಇಲ್ಲಿಗೆ ಮುಗಿಯಿತು.

12. ರೈತನ ಮಗ, ರೈತನ ಮಗಳು ಎಂಬ ಹಕ್ಕನ್ನು ಬಳಸಿಕೊಳ್ಳಿ

ಬಿಎಸ್ಸಿ ಅಗ್ರಿಯಂಥ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಾಯೋಗಿಕ ಪರೀಕ್ಷೆ ನಡೆಸುತ್ತದೆ. ಅಲ್ಲಿ ಕಾಳು, ಗಿಡ, ಗೊಬ್ಬರ, ಉಪಕರಣ ಗುರುತಿಸಬೇಕು. ಈ ಪರೀಕ್ಷೆಗೆ ಉಗರಗೋಳದ ಹುಡುಗಿ ಹುಟ್ಟಿದಾಗಿನಿಂದ ತಯಾರಿ ನಡೆಸಿದ್ದಾಳೆ. ಆದರೂ ಗೊತ್ತಿದೆ ಎಂಬ ಧೈರ್ಯದಲ್ಲಿ ಕೈಕಟ್ಟಿ ಕೂರಬೇಡಿ. ನಿಮ್ಮ ಭಾಗದಲ್ಲಿ ಬೆಳೆಯದ ರಾಗಿ, ಅಡಿಕೆ, ಕಾಫಿಯನ್ನೂ ಗುರುತಿಸಲು ಕಲಿಯಿರಿ.

ಬೈಲಹೊಂಗಲ ಕಡೆಯ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಗೆಳೆಯರ ಜೊತೆ ಹೋಗಿ ವಿಜ್ಞಾನಿಗಳನ್ನು ಮಾತಾಡಿಸಿ. ಧಾರವಾಡದ ಕೃಷಿ ಕಾಲೇಜು 1947ರಿಂದ ನಡೆಯುತ್ತಿದೆ, ಕೃಷಿ ವಿಶ್ವವಿದ್ಯಾಲಯ 1986ರದ್ದು. ಅಲ್ಲಿಯ ಕೃಷಿ ಮೇಳಕ್ಕೆ ಅಪ್ಪನ ಜೊತೆ ಹೋಗಿ, ತಳಿಗಳ ಪ್ಲಾಟುಗಳ ನಡುವೆ ಅರ್ಧ ದಿನ ಕಳೆಯಿರಿ. ಸಂಕೋಚ ಬೇಡ. ಪ್ರಶ್ನೆ ಕೇಳುವ ಹುಡುಗರೆಂದರೆ ವಿಜ್ಞಾನಿಗಳಿಗೆ ಇಷ್ಟ.

ಕೋಟಾದ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಅಧಿಸೂಚನೆಯನ್ನೇ ಪೂರ್ತಿ ಓದಿ. ಅಂಕ ಇದ್ದೂ ಪ್ರಮಾಣಪತ್ರ ಸಮಯಕ್ಕೆ ಸಿಗದೆ ಸೀಟು ತಪ್ಪಿದರೆ ಅದಕ್ಕಿಂತ ಬೇಸರ ಇಲ್ಲ. ಮನೆಯ ಪಹಣಿ ತೆಗೆಸಿ, ಬೇಕಾದ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಈ ಕೆಲಸವನ್ನು ಇದೇ ವಾರ ಮಾಡಿ.